ಬಾಂಡ್ ಪೇಪರ್‌ಗೆ ಸಹಿ ಹಾಕಿದರೆ ಡೈವೋರ್ಸ್ ಆಗಲ್ಲ: ದಂಪತಿ ಬೇರೆಯಾಗಲು ಕಾನೂನಿನ ದಾರಿಗಳೇನು?

ಮೂಡಿಗೆರೆ, ಕಳಸದ ಕಾಫಿ ತೋಟಗಳ ಕಡೆ ಗಂಡ-ಹೆಂಡತಿ ಒಟ್ಟಿಗೆ ಬಾಳೋಕೆ ಆಗದಿದ್ದಾಗ ವಿಷಯ ಎಷ್ಟೋ ಸಲ ಕೋರ್ಟಿಗೆ ಹೋಗಲ್ಲ, ಊರ ಹಿರಿಯರ ಮುಂದೆ ಹೋಗುತ್ತೆ. ಪಂಚಾಯ್ತಿ ಕೂರುತ್ತೆ, ಇಷ್ಟು ದುಡ್ಡು ಅಂತ ಮಾತಾಗುತ್ತೆ, ಬಾಂಡ್ ಪೇಪರ್ ಮೇಲೆ ‘ಇನ್ನು ನಮಗೂ ಅವರಿಗೂ ಸಂಬಂಧವಿಲ್ಲ’ ಎಂದು ಬರೆಸಿ ಸಹಿ ಹಾಕಿಸುತ್ತಾರೆ. ಇಬ್ಬರೂ ಅದನ್ನೇ ವಿಚ್ಛೇದನ ಅಂದುಕೊಳ್ಳುತ್ತಾರೆ.

ಆ ಕಾಗದಕ್ಕೆ ಬೆಲೆ ಎಷ್ಟು?

1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಮದುವೆ ಮುಗಿಯೋದು ಕೋರ್ಟಿನ ಡಿಕ್ರಿಯಿಂದ. ನೋಟರಿ ಮುದ್ರೆ ಬಿದ್ದರೂ ಕಾಗದ ಡಿಕ್ರಿ ಆಗಲ್ಲ. ಅದನ್ನು ನಂಬಿ ಮತ್ತೆ ಮದುವೆಯಾದರೆ ಆ ಮದುವೆ ಅಸಿಂಧು. ದ್ವಿಪತ್ನಿತ್ವದ ಕೇಸಾದರೆ 7 ವರ್ಷದವರೆಗೆ ಜೈಲು ಆಗಬಹುದು. ಸಮುದಾಯದ ರೂಢಿಯ ವಿಚ್ಛೇದನಕ್ಕೆ ಕಾಯ್ದೆಯ 29(2)ನೇ ಸೆಕ್ಷನ್ ಜಾಗ ಕೊಟ್ಟಿದೆ. ಆದರೆ ಅಂಥ ರೂಢಿ ಇದೆ ಎಂದು ಸಾಬೀತು ಮಾಡುವ ಹೊಣೆ ಹೇಳಿಕೊಂಡವರದ್ದೇ. ಹಸಲರು, ಮಲೆಕುಡಿಯರಂಥ ಪರಿಶಿಷ್ಟ ಪಂಗಡಗಳಿಗೆ ಈ ಕಾಯ್ದೆ ನೇರವಾಗಿ ಅನ್ವಯಿಸಲ್ಲ, ಅಲ್ಲಿ ರೂಢಿಯೇ ಮುಖ್ಯ.

ಇಬ್ಬರೂ ಒಪ್ಪಿದರೆ

13ಬಿ ಸೆಕ್ಷನ್ ಅಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಎಲ್ಲಕ್ಕಿಂತ ಸರಳ. ಅರ್ಜಿಗೆ ಮೊದಲು ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಬೇರೆ ಅಂದರೆ ಬೇರೆ ಮನೆಯೇ ಆಗಬೇಕಿಲ್ಲ. ಒಂದೇ ಸೂರಿನಡಿ ಇದ್ದರೂ ದಂಪತಿಯಾಗಿ ಬಾಳದಿದ್ದರೆ ಸಾಕು ಎಂದು 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲ ಅರ್ಜಿಯಾಗಿ 6 ತಿಂಗಳ ನಂತರ ಎರಡನೇ ಹಂತ. ರಾಜಿಯ ದಾರಿ ಪೂರ್ತಿ ಮುಚ್ಚಿದ್ದರೆ ಈ 6 ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು (2017ರ ತೀರ್ಪು). ಡಿಕ್ರಿ ಬರುವವರೆಗೂ ಒಪ್ಪಿಗೆ ಹಿಂಪಡೆಯುವ ಅವಕಾಶ ಇಬ್ಬರಿಗೂ ಇದೆ.

ಒಬ್ಬರು ಒಪ್ಪದಿದ್ದರೆ

ಕ್ರೌರ್ಯ, ವ್ಯಭಿಚಾರ, 2 ವರ್ಷ ಬಿಟ್ಟುಹೋಗಿರುವುದು ಮುಂತಾದ ಕಾರಣಗಳಲ್ಲಿ ಒಂದನ್ನು ಸಾಬೀತು ಮಾಡಬೇಕು. ವಿಚ್ಛೇದನ ಈಗಲೇ ಬೇಡ ಅನ್ನುವವರಿಗೆ 10ನೇ ಸೆಕ್ಷನ್‌ನ ನ್ಯಾಯಿಕ ಪ್ರತ್ಯೇಕತೆ ಇದೆ. ಮದುವೆ ಉಳಿಯುತ್ತೆ, ಜೊತೆಗಿರುವ ಬಾಧ್ಯತೆ ಇರಲ್ಲ. ಹೆಂಡತಿ ತಾನು ವಾಸಿಸುವ ಕಡೆಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ.

ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, ಅಂತರ್ಧರ್ಮೀಯರೂ ಸೇರಿದಂತೆ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 1954ರ ಅದೇ ಕಾಯ್ದೆ. ಮುಸ್ಲಿಂ ಮಹಿಳೆಯರಿಗೆ ಖುಲಾ, ಮುಬಾರತ್ ಜೊತೆಗೆ 1939ರ ಕಾಯ್ದೆಯಡಿ ಕೋರ್ಟಿನ ದಾರಿಯೂ ಇದೆ. ಒಂದೇ ಉಸಿರಿನ ತ್ರಿವಳಿ ತಲಾಖ್ 2019ರಿಂದ ಅಪರಾಧ.

ಲೈನ್ ಮನೆ ಬಿಟ್ಟು ಎಲ್ಲಿಗೆ?

ತೋಟದ ಕೂಲಿಗಳಿಗೆ ಇದೇ ದೊಡ್ಡ ಪ್ರಶ್ನೆ. ಲೈನ್ ಮನೆ ಮಾಲೀಕರದ್ದು, ಕೆಲಸ ಇರುವವರೆಗೆ ಮಾತ್ರ. ಕೆಲಸ ಗಂಡನ ಹೆಸರಲ್ಲಿದ್ದರೆ ಸಂಸಾರ ಮುರಿದಾಗ ಹೆಂಡತಿಗೆ ಸೂರೂ ಹೋಗುತ್ತೆ. ದೌರ್ಜನ್ಯ ನಡೆದಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 19ನೇ ಸೆಕ್ಷನ್ ಅಡಿ, ಅದೇ ಮಟ್ಟದ ಬೇರೆ ಮನೆ ಒದಗಿಸು ಅಥವಾ ಬಾಡಿಗೆ ಕೊಡು ಎಂದು ಮ್ಯಾಜಿಸ್ಟ್ರೇಟರು ಗಂಡನಿಗೆ ಆದೇಶಿಸಬಹುದು. ಹೊಡೆತವಷ್ಟೇ ದೌರ್ಜನ್ಯವಲ್ಲ: ಬೈಗುಳ, ಕೂಲಿ ಹಣ ಕಿತ್ತುಕೊಳ್ಳುವುದೂ ಅದರಲ್ಲಿ ಸೇರುತ್ತೆ. ಅತ್ತೆ-ಮಾವನ ಹೆಸರಿನ ಮನೆಯಲ್ಲಿ ಸಂಸಾರ ಮಾಡಿದ್ದರೆ ಅಲ್ಲಿ ವಾಸಿಸುವ ಹಕ್ಕನ್ನೂ ಕೇಳಬಹುದು ಎಂದು 2020ರ ತೀರ್ಪು ಹೇಳುತ್ತೆ.

ತೋಟದಲ್ಲಿ ಪಾಲು ಇದೆಯಾ?

ಇಲ್ಲ. ವಿಚ್ಛೇದನವಾದರೆ ಗಂಡನ ಜಮೀನಿನಲ್ಲಿ ಅರ್ಧ ಪಾಲು ಕೊಡುವ ಕಾನೂನು ನಮ್ಮಲ್ಲಿಲ್ಲ. ಸಿಗೋದು ಜೀವನಾಂಶ ಮತ್ತು ಆಕೆಯ ಸ್ತ್ರೀಧನ. ‘ನನಗೆ ಸಂಬಳವೇ ಇಲ್ಲ’ ಅಂತ ಬೆಳೆಗಾರ ನುಣುಚಿಕೊಳ್ಳೋದು ಈಗ ಸುಲಭವಲ್ಲ. ರಜನೀಶ್-ನೇಹಾ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ಇಬ್ಬರೂ ಆಸ್ತಿ, ಸಾಲದ ಅಫಿಡವಿಟ್ ಕೊಡಲೇಬೇಕು ಅಂದಿದೆ. ಕೃಷಿಕರಿಗೇ ಬೇರೆ ನಮೂನೆ ಕೊಟ್ಟಿದೆ. ಅಲ್ಲಿ ಜಮೀನು, ಕೃಷಿ ಆದಾಯ ತೋರಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಮಕ್ಕಳಿಗೂ ಸೇರಿ ಜೀವನಾಂಶ ಕೇಳಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಇದೆ, ಹಿಂದೆ ಇದು 125 ಆಗಿತ್ತು.

ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ?

ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ ಅಥವಾ 15100ಕ್ಕೆ ಕರೆ ಮಾಡಿ. ದೌರ್ಜನ್ಯದ ದೂರಿಗೆ 181. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ (ಸಿಡಿಪಿಒ) ಸಂರಕ್ಷಣಾಧಿಕಾರಿ, ದೂರು ಬರೆಸಿಕೊಳ್ಳೋದು ಅವರ ಕೆಲಸ.

ಬದಲಾಗಬೇಕಿರುವುದು

‘ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ’ ಅನ್ನೋದು ಹಿಂದೂ ವಿವಾಹ ಕಾಯ್ದೆಯಲ್ಲಿ ಇವತ್ತಿಗೂ ಕಾರಣವಲ್ಲ. 2023ರ ಮೇ 1ರ ಸಂವಿಧಾನ ಪೀಠದ ತೀರ್ಪಿನಂತೆ ಆ ಕಾರಣಕ್ಕೆ ಮದುವೆ ರದ್ದು ಮಾಡುವ ಅಧಿಕಾರ ಇರೋದು 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ. ಇದನ್ನು ಕಾಯ್ದೆಗೆ ಸೇರಿಸುವ, ಜೊತೆಗೆ ಗಂಡನ ಸ್ಥಿರಾಸ್ತಿಯನ್ನೂ ಲೆಕ್ಕಕ್ಕೆ ಹಿಡಿದು ಹೆಂಡತಿಗೆ ಪರಿಹಾರ ಕೊಡಿಸುವ ಮಸೂದೆ 2013ರಲ್ಲಿ ರಾಜ್ಯಸಭೆ ದಾಟಿತ್ತು. ಲೋಕಸಭೆಯಲ್ಲಿ ಅಂಗೀಕಾರವಾಗದೆ ಸತ್ತಿತು. ದೆಹಲಿವರೆಗೆ ಹೋಗುವ ತಾಕತ್ತಿದ್ದವರಿಗೆ ಒಂದು ದಾರಿ, ಲೈನ್ ಮನೆಯವರಿಗೆ ಬಾಂಡ್ ಪೇಪರ್. ಈ ಪ್ರಶ್ನೆಯನ್ನು ವೋಟು ಕೇಳಲು ಬರುವವರ ಮುಂದೆ ಇಡಬೇಕು. ಅಲ್ಲಿಯವರೆಗೆ, ಪಂಚಾಯ್ತಿಯಲ್ಲಿ ಸಹಿ ಹಾಕುವ ಮೊದಲು 15100ಕ್ಕೆ ಒಂದು ಕರೆ ಮಾಡಿ.