ಕಿಕ್ಕುಲಿಯ ಅಶ್ವಶಿಕ್ಷೆ

ರಥದ ವರ್ಣನೆಯನ್ನು ನಾವು ಕಾವ್ಯಗಳಲ್ಲಿ ಬೇಕಾದಷ್ಟು ಓದಿದ್ದೇವೆ. ಋತುಪರ್ಣನನ್ನು ಒಂದೇ ಹಗಲಿನಲ್ಲಿ ವಿದರ್ಭಕ್ಕೆ ಮುಟ್ಟಿಸಿದ ನಳನನ್ನು ಬಲ್ಲೆವು. ಕರ್ಣನ ಸಾರಥಿಯಾದ ಶಲ್ಯನನ್ನೂ ಬಲ್ಲೆವು. ಆದರೆ ರಥಕ್ಕೆ ಹೂಡುವ ಕುದುರೆಯನ್ನು ಪಳಗಿಸಿದ ಕೈ ಯಾವುದು, ಅದಕ್ಕೆ ಎಷ್ಟು ತಿಂಗಳು ಹಿಡಿಯಿತು ಎಂಬುದನ್ನು ಕವಿಗಳು ಹೇಳುವುದು ಕಡಮೆ. ಆ ಪ್ರಶ್ನೆಗೆ ಉತ್ತರವೀಯುವ ಬರಹವೊಂದು ದೂರದ ತುರ್ಕಿಯ ಮಣ್ಣಿನಲ್ಲಿ ಸಿಕ್ಕಿದೆ.

ತುರ್ಕಿಯ ಬೊಗಜ್‌ಕೊಯ್ ಎಂಬುದು ಹಿಂದಣ ಹಿಟ್ಟೈಟ್ ಅರಸರ ರಾಜಧಾನಿ ಹತ್ತುಶ. ಅಲ್ಲಿ 1906ರಲ್ಲಿ ಹ್ಯೂಗೊ ವಿಂಕ್ಲರನು ಉತ್ಖನನವನ್ನು ಆರಂಭಿಸಿದಾಗ ಬೆಣೆಲಿಪಿಯ ಸಹಸ್ರಾರು ಮಣ್ಣಿನ ಫಲಕಗಳು ಹೊರಬಂದವು. ಅವುಗಳ ಭಾಷೆಯ ಗುಟ್ಟನ್ನು 1915ರಲ್ಲಿ ಹ್ರೋಜ್ನಿ ಎಂಬ ವಿದ್ವಾಂಸನು ಬಿಡಿಸಿದನು. ಆ ರಾಶಿಯಲ್ಲಿದ್ದ ನಾಲ್ಕು ಫಲಕಗಳು ರಥಾಶ್ವಗಳ ಶಿಕ್ಷೆಗೆ ಮೀಸಲಾದವು. ಅದನ್ನು ಹೇಳಿದವನು ಮಿತನ್ನಿ ದೇಶದ ಅಶ್ವಶಿಕ್ಷಕ ಕಿಕ್ಕುಲಿ. ಇಂದಿಗೆ ಸುಮಾರು 3400 ವರ್ಷಗಳ ಹಿಂದಿನ ಮಾತು.

ಅವನ ಕ್ರಮವನ್ನು ನೋಡಿರಿ. ಸುಮಾರು ಏಳು ತಿಂಗಳ ದಿನಚರಿ ಅದು. ಇಂದು ಇಷ್ಟು ದೂರ ನಡಿಗೆ, ಇಷ್ಟು ದೂರ ಓಟ. ಬಳಿಕ ನೀರು, ಹುಲ್ಲು, ಅಳೆದ ಜವೆಗೋದಿ. ಮೈ ತೊಳೆದು ಕಂಬಳಿ ಹೊದಿಸುವುದು. ಕೆಲವು ರಾತ್ರಿ ಮೇವಿಲ್ಲದೆ ನಿಲ್ಲಿಸುವುದು. ರಥದ ಭಾರವನ್ನು ಹೊರಿಸುವುದಕ್ಕೆ ಮೊದಲು ಕುದುರೆಯನ್ನು ಕೈಯಲ್ಲಿ ಹಿಡಿದೇ ಓಡಿಸಿ ಮೈಗೂಡಿಸುವುದು. ಓಟದ ನಡುವೆ ವಿಶ್ರಾಂತಿ, ವಿಶ್ರಾಂತಿಯ ಮೇಲೆ ಮತ್ತೆ ಓಟ. ಇದು ಏತಕ್ಕೆ? ರಥದ ನೊಗಕ್ಕೆ ಎರಡು ಕುದುರೆ. ಒಂದು ದಣಿದು ಮುಗ್ಗರಿಸಿದರೂ ಬೆದರಿ ಸಿಡಿದರೂ ನೊಗ ಓರೆಯಾಗಿ ಮೇಲಿದ್ದವರು ನೆಲಕ್ಕೆ. ಸಾರಥಿಯ ಪ್ರಾಣ ಹಗ್ಗದಲ್ಲಿರಲಿಲ್ಲ, ಶಿಕ್ಷಕನ ತಾಳ್ಮೆಯಲ್ಲಿತ್ತು. 1991ರಲ್ಲಿ ಆಸ್ಟ್ರೇಲಿಯದ ಆನ್ ನೈಲೆಂಡ್ ಎಂಬ ವಿದುಷಿ ಇದೇ ಕ್ರಮವನ್ನು ಅರಬ್ಬಿ ಕುದುರೆಗಳ ಮೇಲೆ ಪ್ರಯೋಗಿಸಿ, ಅದು ಫಲಕಾರಿಯೆಂದು ಕಂಡರು.

ನಮ್ಮ ಕಿವಿಗೆ ಹಬ್ಬವಾಗುವ ಸಂಗತಿ ಇನ್ನೊಂದುಂಟು. ಹಿಟ್ಟೈಟ್ ಭಾಷೆಯ ಈ ಬರಹದಲ್ಲಿ ಓಟದ ಸುತ್ತುಗಳ ಹೆಸರು ಐಕವರ್ತನ್ನ, ತೇರವರ್ತನ್ನ, ಪಂಜವರ್ತನ್ನ, ಸತ್ತವರ್ತನ್ನ, ನಾವರ್ತನ್ನ! ಒಂದು, ಮೂರು, ಐದು, ಏಳು, ಒಂಬತ್ತು ಸುತ್ತು. ಏಕ, ಪಂಚ, ಸಪ್ತಗಳ ಒಡಹುಟ್ಟುಗಳನ್ನು ಇಲ್ಲಿ ಯಾರು ತಾನೆ ಗುರುತಿಸರು? ಆದರೆ ಅವಸರ ಬೇಡ. ಮಿತನ್ನಿಯ ಜನರ ಮಾತು ಹುರ್ರಿಯನ್. ಅದು ಸಂಸ್ಕೃತಕ್ಕೆ ನಂಟಲ್ಲ. ಅವರ ಅರಸನೊಬ್ಬನ ಸಂಧಿಪತ್ರದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳಿವೆ, ನಿಜ. ಅಷ್ಟರಿಂದ ಅಲ್ಲಿ ಸಂಸ್ಕೃತವೇ ಮನೆಮಾತಾಗಿತ್ತೆಂದು ಸಾರುವುದು ಸಲ್ಲದು. ಕಸುಬು ನಡೆದುಬಂದ ದಾರಿಯಲ್ಲಿ ಕಸುಬಿನ ಮಾತೂ ನಡೆದುಬರುತ್ತದೆ. ಕುದುರೆಯ ವಿದ್ಯೆಯಲ್ಲಿ ನುರಿತ ಇಂಡೋ-ಆರ್ಯ ನುಡಿಯವರೊಡನೆ ಆ ಜನಕ್ಕೆ ಒಡನಾಟವಿತ್ತೆಂಬಷ್ಟನ್ನು ಈ ಪದಗಳು ಖಚಿತವಾಗಿ ಹೇಳುತ್ತವೆ. ಅದೇನು ಅಲ್ಪವೆ?

ಕನ್ನಡದಲ್ಲಿ ವರ್ತನೆಯೆಂದರೆ ನಡತೆ. ಪ್ರತಿದಿನ ತಪ್ಪದೆ ಬರುವ ಹಾಲಿಗೂ ನಮ್ಮವರು ವರ್ತನೆಯ ಹಾಲೆನ್ನುತ್ತಾರೆ. ಕಿಕ್ಕುಲಿಯ ವಿದ್ಯೆಯ ಸಾರವೂ ಇಷ್ಟೇ: ದಿನವೂ ತಪ್ಪದ ಸುತ್ತಿನಿಂದಲೇ ನಡತೆ ಕೂಡಿಬರುತ್ತದೆ. ಅವನ ಕಾಲದ ಎಷ್ಟೋ ವಿಜಯಗಳ ಹೆಸರು ಇಂದು ಯಾರಿಗೂ ನೆನಪಿಲ್ಲ. ಕುದುರೆಗೆ ಎಷ್ಟು ಹೊತ್ತಿಗೆ ನೀರು ಕುಡಿಸಬೇಕೆಂಬ ಮಾತು ಮಾತ್ರ ಮಣ್ಣಿನಲ್ಲಿ ಉಳಿದು ಬಂದಿದೆ.