ಆರೆಂಜ್ ಕೌಂಟಿಯ ನೆರೆಮನೆಗಳು

ಚುನಾವಣೆಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಗೆದ್ದವರ ಭಾಷಣಗಳಿಂದ ತೊಡಗುತ್ತಾರೆ. ನಾನು ಒಂದು ಮನೆಯ ಹಿತ್ತಲಿನಿಂದ ತೊಡಗುತ್ತೇನೆ.

ಅಮೆರಿಕದ ಲಾಸ್ ಏಂಜಲೀಸ್ ನಗರದ ಆಗ್ನೇಯಕ್ಕೆ ಆರೆಂಜ್ ಕೌಂಟಿ ಎಂಬ ಜಿಲ್ಲೆಯಿದೆ. ಹೆಸರಿಗೆ ತಕ್ಕಂತೆ ಒಂದು ಕಾಲಕ್ಕೆ ಕಿತ್ತಳೆ ತೋಟಗಳ ನಾಡು. ಎರಡನೆಯ ಮಹಾಯುದ್ಧದ ತರುವಾಯ ತೋಟಗಳು ಅಳಿದು, ಯುದ್ಧೋದ್ಯಮದ ಕಾರ್ಖಾನೆಗಳೂ ಹೊಸ ಬಡಾವಣೆಗಳೂ ಎದ್ದವು. ಅಲ್ಲಿನ ಅನಹೈಮ್ ಊರಿನ ಶಾಲಾಮಂಡಳಿಯ ಸದಸ್ಯರೊಬ್ಬರು 1960ರಲ್ಲಿ ತಮ್ಮ ಹಿತ್ತಲಿನಲ್ಲಿ ನಾಗರಿಕ ಸ್ವಾತಂತ್ರ್ಯ ಸಂಘದ ಸಭೆ ಸೇರಿಸಿದರು. ಇವರು ಕಮ್ಯುನಿಸ್ಟರಿಗೆ ಒತ್ತಾಸೆಯಾದವರೆಂಬ ಗುಲ್ಲೆದ್ದಿತು. ಮರುವರ್ಷವೇ ಮತದಾರರು ಅವರನ್ನು ಸ್ಥಾನದಿಂದ ಇಳಿಸಿದರು. ಮತದಿಂದಲೇ ನಡೆದದ್ದಾದ್ದರಿಂದ ಇದನ್ನು ಪ್ರಜಾಪ್ರಭುತ್ವವೆನ್ನಲೇಬೇಕು. ಎನ್ನುವಾಗ ನನ್ನ ನಾಲಗೆ ತುಸು ತಡವರಿಸುತ್ತದೆ.

ಇಂಥ ಸಂಪ್ರದಾಯವಾದಿ ಕಾರ್ಯಕರ್ತರು ಯಾರು? ಗೃಹಿಣಿಯರು, ಇಂಜಿನಿಯರರು, ವೈದ್ಯರು. ಬೆಳಗಿನ ಕಾಫಿಗೆ ನೆರೆಯವರನ್ನು ಕರೆದು, ಕರಪತ್ರ ಹಂಚಿ, ಮನೆಮನೆಯ ಬಾಗಿಲು ತಟ್ಟಿದವರು. 1964ರ ಜೂನ್ ತಿಂಗಳಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಕ್ಯಾಲಿಫೋರ್ನಿಯದ ಚುನಾವಣೆಯಲ್ಲಿ, ಕುಬೇರನ ಮನೆತನದ ರಾಕ್‌ಫೆಲರರನ್ನು ಗೋಲ್ಡ್‌ವಾಟರ್ ಕೂದಲೆಳೆಯಲ್ಲಿ ಸೋಲಿಸಿದ್ದು ಬಹುಮಟ್ಟಿಗೆ ಇವರ ಕಾಲ್ನಡಿಗೆಯ ಬಲದಿಂದ. ನವೆಂಬರಿನಲ್ಲಿ ಗೋಲ್ಡ್‌ವಾಟರರಿಗೆ ದಕ್ಕಿದ್ದು 50ರಲ್ಲಿ 6 ರಾಜ್ಯ ಮಾತ್ರ. ಕ್ಯಾಲಿಫೋರ್ನಿಯವೂ ಕೈಬಿಟ್ಟಿತು, ಆರೆಂಜ್ ಕೌಂಟಿ ಬಿಡಲಿಲ್ಲ.

ಬಾಗಿಲು ತಟ್ಟಿದವರು ಸೋತು ಮನೆ ಸೇರಲಿಲ್ಲ. ಎರಡೇ ವರ್ಷಕ್ಕೆ, ಅದೇ ಗೋಲ್ಡ್‌ವಾಟರರ ಪರವಾಗಿ ಮಾತಾಡಿ ಹೆಸರು ಪಡೆದಿದ್ದ ಚಿತ್ರನಟ ರೊನಾಲ್ಡ್ ರೇಗನ್ ಸುಮಾರು 10 ಲಕ್ಷ ಮತಗಳ ಅಂತರದಿಂದ ರಾಜ್ಯದ ಗವರ್ನರಾದರು. ಬರ್ಕ್ಲಿಯ ವಿದ್ಯಾರ್ಥಿ ಚಳವಳಿ, 1965ರ ವಾಟ್ಸ್ ಗಲಭೆಗಳಿಂದ ಹುಟ್ಟಿದ ಅಂಜಿಕೆಯ ಪಾಲೂ ಅದರಲ್ಲಿತ್ತೆನ್ನಿ.

1978ರ ಕಥೆ ಇನ್ನೂ ಸ್ವಾರಸ್ಯಕರ. ಮನೆಗಳ ಬೆಲೆ ಏರಿದಂತೆ ಕಂದಾಯವೂ ಏರಿ, ವೃದ್ಧರು ಇದ್ದ ಸೂರು ಉಳಿದೀತೆ ಎಂದು ಹೆದರಿದ್ದರು. ಹೊವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಸಹಿ ಸಂಗ್ರಹಿಸಿ ಜನಮತಕ್ಕೆ ತಂದ 13ನೆಯ ಪ್ರಸ್ತಾವ ಮೂರರಲ್ಲಿ ಸುಮಾರು ಎರಡು ಪಾಲು ಮತ ಪಡೆಯಿತು. ಮನೆಗಂದಾಯ ನಿಗದಿತ ಮೌಲ್ಯದ ಶೇಕಡ 1ನ್ನು ಮೀರದಂತಾಯಿತು. ಒಡನೆಯೇ ಊರಿನ ಶಾಲೆಗಳ ಹಣದ ಚೀಲ ರಾಜಧಾನಿ ಸಾಕ್ರಮೆಂಟೊ ಕೈಗೆ ಹೋಯಿತು. ಊರವರ ಅಧಿಕಾರಕ್ಕಾಗಿ ಕಾದಾಡಿದವರಿಂದಲೇ, ಅವರು ಅಷ್ಟು ಹಟದಿಂದ ಹಿಡಿದ ಶಾಲಾಮಂಡಳಿ ಬಡವಾಯಿತು.

2016ರಲ್ಲಿ ಆರೆಂಜ್ ಕೌಂಟಿ, 1936ರ ನಂತರ ಮೊದಲ ಸಲ, ಅಧ್ಯಕ್ಷ ಪದವಿಗೆ ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಬೆಂಬಲಿಸಿತು. ವಾಣಿಜ್ಯ ಕಟ್ಟಡಗಳ ಮಟ್ಟಿಗಾದರೂ ಆ ಕಂದಾಯದ ಮಿತಿಯನ್ನು ಸಡಿಲಿಸೋಣವೆಂಬ ಸೂಚನೆ 2020ರಲ್ಲಿ ರಾಜ್ಯದ ಮುಂದೆ ಬಂದಾಗ, ಮತದಾರರು ಒಪ್ಪಲಿಲ್ಲ.