ಪೈಪು, ಮೇಣ, ಮೋಟಾರು

ಕ್ಯಾಮೆರಾ ರೀಲಿನ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಚಿಕ್ಕದೊಂದು ಮೋಟಾರು, ಸುತ್ತಲೂ ಕರಗಿಸಿ ತುಂಬಿದ ಮೇಣ. ಮೇಣ ಸರಿಯಾಗಿ ಕೂರದಿದ್ದರೆ ನೀರು ನುಗ್ಗುತ್ತದೆ, ಮೋಟಾರು ಕೆಡುತ್ತದೆ. ಅಮೆರಿಕದ ಎಷ್ಟೋ ಮಕ್ಕಳಿಗೆ ಎಂಜಿನಿಯರಿಂಗಿನ ಮೊದಲ ಪಾಠ ಸಿಕ್ಕಿದ್ದು ಹೀಗೆ. ತಪ್ಪನ್ನು ನೀರು ಮುಚ್ಚಿಡುವುದಿಲ್ಲ. ಶಿಕ್ಷಕರಾಗಿ ಅದಕ್ಕಿಂತ ನಿಷ್ಠುರರು ಸಿಗುವುದು ಕಷ್ಟ.

ಇಂಥ ಮೋಟಾರುಗಳಿಂದ ನೀರೊಳಗೆ ಓಡುವ ರೋಬೋಟನ್ನು ಮನೆಯಲ್ಲೇ ಕಟ್ಟುವ ಬಗೆಯನ್ನು ಹ್ಯಾರಿ ಬೋಮ್ ಮತ್ತು ವಿಕಿ ಜೆನ್ಸೆನ್ 1997ರಲ್ಲೇ ಪುಸ್ತಕವಾಗಿ ಬರೆದರು. ಅದನ್ನು ಆಧರಿಸಿ 2003ರಲ್ಲಿ ಅಮೆರಿಕದ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ಸೀ ಗ್ರಾಂಟ್ ವಿಭಾಗ 'ಸೀಪರ್ಚ್' ಎಂಬ ಶಾಲಾ ಕಾರ್ಯಕ್ರಮ ಆರಂಭಿಸಿತು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿಯ 'ಮೇಟ್' ಕೇಂದ್ರ, ನೀರೊಳಗಿನ ರೋಬೋಟುಗಳ ಸ್ಪರ್ಧೆಯನ್ನೂ ಶುರುಮಾಡಿತ್ತು. ಮೊದಲ ಸ್ಪರ್ಧೆ ನಡೆದದ್ದು 2002ರಲ್ಲಿ, ಫ್ಲಾರಿಡಾದಲ್ಲಿ.

2004ರ ಸ್ಪರ್ಧೆಗೆ ಮರುಭೂಮಿಯ ಊರಾದ ಫೀನಿಕ್ಸ್‌ನಿಂದ ಕಾರ್ಲ್ ಹೇಡನ್ ಹೈಸ್ಕೂಲಿನ ನಾಲ್ವರು ಹುಡುಗರು ಬಂದರು. ನಾಲ್ವರೂ ಮೆಕ್ಸಿಕೋದಿಂದ ವಲಸೆ ಬಂದವರು, ಅಮೆರಿಕದಲ್ಲಿ ನೆಲೆಸಲು ಬೇಕಾದ ಕಾಗದಪತ್ರ ಕೈಯಲ್ಲಿಲ್ಲದವರು. ಶಿಕ್ಷಕರಾದ ಫ್ರೆಡಿ ಲಾಜ್ವರ್ದಿ ಮತ್ತು ಆಲನ್ ಕ್ಯಾಮರಾನ್ ಈ ಹುಡುಗರನ್ನು ಕಾಲೇಜುಗಳ ವಿಭಾಗಕ್ಕೇ ಸೇರಿಸಿದ್ದರು. ಸೋತರೂ ದೊಡ್ಡವರ ಎದುರು ಸೋತಂತಾಗುತ್ತದೆ ಎಂಬ ಲೆಕ್ಕ.

ಪಿವಿಸಿ ಪೈಪುಗಳನ್ನು ಅಂಟಿಸಿದ ಸೊಲ್ಯೂಷನ್ ಎಷ್ಟು ನಾರುತ್ತಿತ್ತೆಂದರೆ, ರೋಬೋಟಿಗೆ 'ಸ್ಟಿಂಕಿ' ಎಂದೇ ಹೆಸರು ಬಿತ್ತು. ಖರ್ಚು ಸುಮಾರು 800 ಡಾಲರ್. ಎದುರಾಳಿಗಳಲ್ಲಿ ಎಂಐಟಿಯೂ ಇತ್ತು. ಅವರ ಯಂತ್ರದ ಬೆಲೆ 10,000 ಡಾಲರ್ ದಾಟಿತ್ತು.

ಆ ವರ್ಷದ ಸ್ಪರ್ಧೆ ನಡೆದ ಸಾಂತಾ ಬಾರ್ಬರಾದಲ್ಲಿ ಈಜುಕೊಳಕ್ಕೆ ಇಳಿಸಿದಾಗ, ಸ್ಟಿಂಕಿಯ ವಿದ್ಯುತ್ ಸರ್ಕ್ಯೂಟುಗಳಿದ್ದ ಪೆಟ್ಟಿಗೆಗೇ ನೀರು ಜಿನುಗಿತು. ಪೆಟ್ಟಿಗೆ ಬದಲಿಸಲು ಸಮಯವಿಲ್ಲ, ಹಣವೂ ಇಲ್ಲ. ಹುಡುಗನೊಬ್ಬ ಅಂಗಡಿಗೆ ಹೋಗಿ, ಹೆಂಗಸರು ಮುಟ್ಟಿನ ದಿನಗಳಲ್ಲಿ ಬಳಸುವ ಟ್ಯಾಂಪನ್ ಕೊಂಡು ತಂದ. ಒಳಗೆ ಸೇರಿಸಿದ್ದೇ ತಡ, ಜಿನುಗಿದ ನೀರನ್ನೆಲ್ಲ ಅದು ಹೀರಿಕೊಂಡಿತು. ಇದನ್ನು ಬರೀ ಅದೃಷ್ಟ ಎನ್ನಲಾಗದು. ತೂತು ಮುಚ್ಚಲಾಗದಿದ್ದರೆ ಒಳಬಂದ ನೀರಿಗೆ ಏನು ಮಾಡಬೇಕು ಎಂದು ಪ್ರಶ್ನೆಯನ್ನೇ ತಿರುಗಿಸಿ ಕೇಳುವುದು ಎಂಜಿನಿಯರಿಂಗಿನ ತಿರುಳು.

ಸ್ಟಿಂಕಿ ಒಟ್ಟಾರೆ ಮೊದಲ ಸ್ಥಾನ ಪಡೆಯಿತು. ಎಂಐಟಿಗೆ ಎರಡನೆಯದು.

ಆ ನಾಲ್ವರಲ್ಲಿ ಒಬ್ಬರಾದ ಆಸ್ಕರ್ ವಾಸ್ಕೆಜ್ 2009ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಆದರೆ ಕಾಗದಪತ್ರವಿಲ್ಲದೆ ಆ ಪದವಿಗೆ ತಕ್ಕ ಕೆಲಸ ಸಿಗುವಂತಿರಲಿಲ್ಲ. ಅದೇ ವರ್ಷ ಅವರು ತಾವಾಗಿಯೇ ಮೆಕ್ಸಿಕೋಗೆ ಮರಳಿ, ಕಾನೂನಿನ ದಾರಿಯಲ್ಲಿ ವೀಸಾ ಕೇಳಿದರು. 2010ರಲ್ಲಿ ವೀಸಾ ಸಿಕ್ಕಿತು.